ಖಾಲಿ ಸೈಟಿನಲ್ಲಿ ಸೊಪ್ಪಿನ ಮಡಿ
(ಹನುಮಂತನಗರದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಕಾರ್ತಿಕ ಮಾಸದ ಕೊನೆ ಸೋಮವಾರ ಕಡಲೆಕಾಯಿ ಪರಿಷೆಗೆ ನಾವೆಲ್ಲ ಹೋಗುತ್ತೇವೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ರೈತರ ಬೆಳೆಯನ್ನು ಬಸವ ಮೇಯುತ್ತಿದ್ದ, ಮೊದಲ ಫಸಲು ನಿನಗೇ ಎಂದು ಅವರು ಹರಕೆ ಹೊತ್ತರು ಎಂಬ ಕಥೆ ನಿಮಗೆ ಗೊತ್ತಿದೆ. ಕಥೆ ಹಾಗಿರಲಿ, ಈ ಗುಡ್ಡದ ಸುತ್ತ ಹೊಲಗಳಿದ್ದದ್ದಂತೂ ನಿಜ. 1898ರ ಪ್ಲೇಗಿನ ಸಮಯದಲ್ಲಿ ಬಸವನಗುಡಿ ಬಡಾವಣೆಯ ಕೆಲಸ ಶುರುವಾಯಿತು. ಬರಬರುತ್ತಾ ಹೊಲಗಳೆಲ್ಲ ಸೈಟುಗಳಾದವು. ಈಗ ನಮ್ಮ ಬೀದಿಗಳಲ್ಲಿ ಮಣ್ಣು ಕಾಣಬೇಕಾದರೆ ಒಂದೋ ಹೂವಿನ ಕುಂಡದಲ್ಲಿ, ಇಲ್ಲವೇ ಎಲ್ಲರೂ ಕಸ ಎಸೆಯುವ ಖಾಲಿ ಸೈಟಿನಲ್ಲಿ.

"ಸೊಪ್ಪು ಬೆಳೆದರೆ ತಿಂಗಳಿಗೆ ಎಷ್ಟು ಸಿಗುತ್ತೆ ಸಿಸ್ಟರ್?" ಅಂತ ನೀವು ಕೇಳುತ್ತೀರಿ. ನೇರವಾಗಿ ಹೇಳುತ್ತೇವೆ, ಹೆಚ್ಚೇನೂ ಸಿಗೋದಿಲ್ಲ. ಹತ್ತು ಬಕೆಟ್ಟಿನಲ್ಲಿ ಬೆಳೆದದ್ದು ಮನೆಯ ಸಾರಿಗೆ, ಪಲ್ಯಕ್ಕೆ ಆದೀತು, ಅಷ್ಟೆ. ಆದ್ದರಿಂದ ಇದಕ್ಕಾಗಿ ಸಂಘದಲ್ಲಿ ಸಾಲ ಎತ್ತಬೇಡಿ. ಹೊಲಿಗೆ ಮಿಷನ್ನಿಗೆ ಸಾಲ ಮಾಡುವುದು ಬೇರೆ, ಮೆಂತ್ಯಕ್ಕೆ ಸಾಲ ಮಾಡುವುದು ಬೇರೆ.

ಹಾಗಾದರೆ ಯಾಕೆ ಮಾಡಬೇಕು? ಕಸ ಬೀಳುವ ಮೂಲೆಯನ್ನು ನೆನಪಿಗೆ ತಂದುಕೊಳ್ಳಿ. ನಾಯಿ, ಸೊಳ್ಳೆ, ನಾತ. ಕತ್ತಲಾದರೆ ಹೆಣ್ಣುಮಕ್ಕಳು ಆ ಕಡೆ ಹಾಯುವುದಿಲ್ಲ. ದಂಡ ಹಾಕ್ತೀವಿ ಅಂತ ಬೋರ್ಡು ಬರೆದರೂ ಕಸ ನಿಲ್ಲುವುದಿಲ್ಲ. ಅದೇ ಜಾಗದಲ್ಲಿ ನಾಲ್ಕು ಹೆಂಗಸರು ಬೆಳಗ್ಗೆ ಸಂಜೆ ನೀರು ಹಾಕುತ್ತಾ ನಿಂತರೆ ಎಸೆಯುವವನ ಕೈ ಹಿಂದೆ ಸರಿಯುತ್ತದೆ. ಕಾವಲಿಗೆ ಸಂಬಳ ಬೇಡ, ಸೊಪ್ಪೇ ಸಂಬಳ.

ಅಮೆರಿಕದ ನ್ಯೂಯಾರ್ಕಿನ ಬಡ ಬೀದಿಗಳಲ್ಲೂ ಆದದ್ದು ಇದೇ. 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಮಹಿಳೆ ನೆರೆಹೊರೆಯವರನ್ನು ಸೇರಿಸಿಕೊಂಡು ಕಸ ತುಂಬಿದ ಒಂದು ಖಾಲಿ ಜಾಗವನ್ನು ತೋಟ ಮಾಡಿದರು. ಅದು ಇಂದಿಗೂ ಇದೆ. ಆಮೇಲೆ ಆ ನಗರದಲ್ಲಿ ಇಂಥ ನೂರಾರು ತೋಟಗಳಾದವು. ಆದರೆ 1999ರಲ್ಲಿ ನಗರಾಡಳಿತವು ನೂರಕ್ಕೂ ಹೆಚ್ಚು ತೋಟಗಳ ಜಾಗವನ್ನು ಹರಾಜಿಗೆ ಇಟ್ಟಿತು. ದತ್ತಿ ಸಂಸ್ಥೆಗಳು ಮುಂದೆ ಬಂದು ಕೊಂಡದ್ದರಿಂದ ಅವು ಉಳಿದವು. ನಮಗೆ ಅಂಥ ದುಡ್ಡಿನವರು ಸಿಗುತ್ತಾರೆಂದು ನಂಬಿ ಕೂರುವ ಹಾಗಿಲ್ಲ. ಜಾಗ ಚೊಕ್ಕಟವಾದ ಮೇಲೆಯೇ ಅಲ್ಲವೇ ಮಾಲೀಕರಿಗೆ ಅದರ ನೆನಪಾಗುವುದು! ಅದಕ್ಕೇ ಮೊದಲು ಅವರಿಂದ ಒಂದೆರಡು ವರ್ಷಕ್ಕೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಕೇಳಿದಾಗ ಬಿಟ್ಟುಕೊಡುತ್ತೇವೆ ಎಂದೂ ಅದರಲ್ಲಿ ಬರೆಯಿರಿ. ಆಗ ಅವರಿಗೂ ಭಯವಿರುವುದಿಲ್ಲ. ಮಡಿಯನ್ನು ನೆಲದಲ್ಲಿ ಮಾಡದೆ ಬಕೆಟ್ಟು, ಅಕ್ಕಿಚೀಲಗಳಲ್ಲಿ ಮಾಡಿದರೆ ಏಳು ಅಂದ ದಿನ ತೋಟ ನಮ್ಮ ಜೊತೆಗೇ ಏಳುತ್ತದೆ.

ಚೀಲ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಕಸ ಬಿದ್ದ ಮಣ್ಣಿನಲ್ಲಿ ಬ್ಯಾಟರಿ, ಪೇಂಟಿನ ವಿಷ ಇರಬಹುದು. ನಮ್ಮ ಪಕ್ಕದಲ್ಲೇ ಹುಟ್ಟುವ ವೃಷಭಾವತಿಯ ಗತಿ ನೋಡಿ. ಅದರ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪು ತರಕಾರಿಗಳಲ್ಲಿ ಭಾರಲೋಹಗಳು ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಎಷ್ಟೇ ತೊಳೆದರೂ ಗಿಡದೊಳಗೆ ಸೇರಿದ್ದು ಹೋಗುವುದಿಲ್ಲ. ಮಕ್ಕಳಿಗೆ ತಿನ್ನಿಸುವ ಸೊಪ್ಪಿಗೆ ಮೋರಿ ನೀರು ಬೇಡವೇ ಬೇಡ.

ಕಾವೇರಿ ನೀರನ್ನೂ ನೆಚ್ಚಬೇಡಿ. 2024ರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಸೊಪ್ಪಿಗೆ ಸಾಕು. ಸೋಪಿನ ನೀರು ಬೇಡ. ಗೊಬ್ಬರಕ್ಕೆ ಹಸಿಕಸವಿದೆ. 2012ರಿಂದ ಅದನ್ನು ಬೇರ್ಪಡಿಸುವುದು ಕಡ್ಡಾಯ. ತೂತು ಕೊರೆದ ಬಕೆಟ್ಟಿನಲ್ಲಿ ಒಂದು ಪದರ ಹಸಿಕಸ, ಮೇಲೊಂದು ಪದರ ಒಣ ಎಲೆ ಹಾಕುತ್ತಾ ಹೋದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ ತಯಾರು.

ಮೆಂತ್ಯ, ದಂಟಿನಿಂದ ಶುರುಮಾಡಿ. ತಿಂಗಳೊಳಗೆ ಕೈಗೆ ಬರುತ್ತವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಸುಗುಣ' ದಂಟನ್ನು ಮತ್ತೆ ಮತ್ತೆ ಕೊಯ್ಯಬಹುದು. ಬಸಳೆಗೆ ಬೀಜವೇ ಬೇಡ, ಪಕ್ಕದ ಮನೆಯ ಅಕ್ಕನ ಹತ್ತಿರ ಒಂದು ತುಂಡು ಬಳ್ಳಿ ಇಸಕೊಂಡು ನೆಟ್ಟರಾಯಿತು.

ಇಂಥ ತೋಟ ಕೆಡುವುದು ಹುಳದಿಂದಲ್ಲ, ರಜೆಯಿಂದ. ಯುಗಾದಿಗೆ ಎಲ್ಲರೂ ಊರಿಗೆ ಹೊರಟುಬಿಟ್ಟರೆ ಬಿಸಿಲಿಗೆ ನಾಲ್ಕೇ ದಿನದಲ್ಲಿ ಎಲ್ಲಾ ಒಣಗಿಹೋಗುತ್ತದೆ. ಬರುವ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ, ಯಾವ ದಿನ ಯಾರು ನೀರು ಹಾಕಬೇಕು, ಹಬ್ಬಕ್ಕೆ ಯಾರು ಇಲ್ಲೇ ಇರುತ್ತಾರೆ ಎಂದು ನಡವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಬೀಜ ಕೊಳ್ಳುವುದು ಆಮೇಲೆ.