ಕರಾರಿನಲ್ಲಿ ಯಾರ ಹೆಸರು, ಕೆಲಸದಲ್ಲಿ ಯಾರ ಕೈ?

(ಕಾಸರಗೋಡು ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)



ಮಕ್ಕಳ ಅಂಕಗಳ ಬಗ್ಗೆ ಕೇಳಲು ನೀವು ತಪ್ಪದೆ ಬರುತ್ತೀರಿ. ಆದರೆ ಆ ಮಕ್ಕಳು ಕುಳಿತುಕೊಳ್ಳುವ ಕೋಣೆಯನ್ನು ಕಟ್ಟುತ್ತಿರುವವರು ಯಾರು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಶಾಲೆಯಲ್ಲಿದ್ದಾಗ ಅಲ್ಲಿ ಎರಡು ತರಗತಿ ಕೋಣೆಗಳು ಮಂಜೂರಾದವು. ಕೆಲಸ ಫಲಾನುಭವಿ ಸಮಿತಿಯ ಹೆಸರಿನಲ್ಲಿತ್ತು. ಸಂಚಾಲಕರು ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ, ಅಡಿಕೆ ತೋಟದಲ್ಲಿ ಕೂಲಿ ಮಾಡುವವರು. ಬರೇ ಒಂದು ಸಹಿ ಎಂದು ಹೇಳಿದ್ದಕ್ಕೆ ಮಲಯಾಳದ ಕರಾರುಪತ್ರಕ್ಕೆ ಸಹಿ ಹಾಕಿದ್ದರು. ಕೆಲಸ ಹಿಡಿದದ್ದು ಮಾತ್ರ ಒಬ್ಬ ಗುತ್ತಿಗೆದಾರ. ಅವನು ಕಬ್ಬಿಣದ ಕೆಲಸವನ್ನು ಒಬ್ಬನಿಗೆ, ಕಾಂಕ್ರೀಟನ್ನು ಇನ್ನೊಬ್ಬನಿಗೆ ಒಳಗುತ್ತಿಗೆ ಕೊಟ್ಟ. ಮೊದಲ ಮಳೆಗಾಲಕ್ಕೇ ತಾರಸಿ ಸೋರಿತು. ಒಬ್ಬ ಇನ್ನೊಬ್ಬನನ್ನು ತೋರಿಸಿದ. ಕೊನೆಗೆ ನೋಟೀಸು ಬಂದದ್ದು ಆ ಕೂಲಿಯವರ ಮನೆಗೆ. ಓದಿಸಿಕೊಳ್ಳಲು ನನ್ನ ಬಳಿ ಬಂದರು. "ಮಾಷ್ಟ್ರೇ, ನಾನು ಒಂದು ಕಲ್ಲೂ ಇಟ್ಟವನಲ್ಲ" ಎಂದರು. ದಿನಾ ಆ ಕೆಲಸದ ಪಕ್ಕದಲ್ಲೇ ನಡೆದುಹೋಗುತ್ತಿದ್ದ ನಾನೂ ಯಾರನ್ನೂ ಕೇಳಿರಲಿಲ್ಲ.

ಕೇರಳದಲ್ಲಿ 1995ರಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳು ಗ್ರಾಮ ಪಂಚಾಯತುಗಳ ಕೈಗೆ ಬಂದವು. 1996ರಲ್ಲಿ ಜನಕೀಯ ಯೋಜನೆ ಆರಂಭವಾಯಿತು. ಗುತ್ತಿಗೆದಾರರ ಹಿಡಿತ ತಪ್ಪಿಸಿ, ಕಟ್ಟಡವನ್ನು ಬಳಸುವ ಜನರೇ ಸಮಿತಿ ಮಾಡಿ ಕೆಲಸ ನಡೆಸಲಿ ಎಂಬುದು ಆಗಿನ ಆಶಯ. ಆಶಯ ಒಳ್ಳೆಯದೇ. ಆದರೆ ಹಲವೆಡೆ ಸಮಿತಿ ಹೆಸರಿಗೆ ಮಾತ್ರ ಉಳಿದು, ಅದರ ಹಿಂದೆ ಗುತ್ತಿಗೆದಾರನೇ ಬೇನಾಮಿಯಾಗಿ ನಿಂತ.

ಟೆಂಡರ್ ಮೂಲಕ ಕೊಡುವ ಸರಕಾರಿ ಕಾಮಗಾರಿಗಳಲ್ಲಿ, ಲಿಖಿತ ಅನುಮತಿ ಇಲ್ಲದೆ ಕೆಲಸವನ್ನು ಇನ್ನೊಬ್ಬರಿಗೆ ವಹಿಸಕೂಡದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅನುಮತಿ ಸಿಕ್ಕಿದರೂ ಮೂಲ ಗುತ್ತಿಗೆದಾರನ ಹೊಣೆ ಇಳಿಯುವುದಿಲ್ಲ. ಒಳಗುತ್ತಿಗೆಯೇ ಅಪರಾಧವೆಂದು ನಾನು ಹೇಳುತ್ತಿಲ್ಲ. ವಯರಿಂಗ್ ಕೆಲಸ ಬಲ್ಲವನೇ ವಯರಿಂಗ್ ಮಾಡಲಿ. ಆದರೆ ಅವನ ಹೆಸರು ಕಡತದಲ್ಲಿರಬೇಕು. ಹೆಸರು ಮುಚ್ಚಿಟ್ಟರೆ ಹೊಣೆಯೂ ಮುಚ್ಚಿಹೋಗುತ್ತದೆ.

ಆದುದರಿಂದ ಅಡಿಪಾಯ ತೋಡುವಾಗಲೇ ನಾಲ್ಕು ಪ್ರಶ್ನೆ ಕೇಳಿ. ಕರಾರಿಗೆ ಸಹಿ ಹಾಕಿದವರು ಯಾರು? ಸ್ಥಳದಲ್ಲಿ ಕೆಲಸ ಮಾಡಿಸುತ್ತಿರುವವರು ಯಾರು? ಇಬ್ಬರೂ ಬೇರೆಯಾದರೆ ಅದಕ್ಕೆ ಲಿಖಿತ ಅನುಮತಿ ಇದೆಯೇ? ಕಟ್ಟಡದಲ್ಲಿ ದೋಷ ಕಂಡರೆ ಎಷ್ಟು ಕಾಲದವರೆಗೆ, ಯಾರು ಸರಿಪಡಿಸಿ ಕೊಡಬೇಕು?

ಭಾಷೆ ಬಾರದೆಂದು ಹಿಂಜರಿಯಬೇಡಿ. ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನಮಗೆ ಕೊಟ್ಟಿದೆ. ಮೊದಲು ಕನ್ನಡದಲ್ಲೇ ಪಂಚಾಯತು ಕಾರ್ಯದರ್ಶಿಗೆ ಬರೆಯಿರಿ, ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನಗಳೊಳಗೆ ಉತ್ತರ ಕೊಡಬೇಕು. ಕರಾರಿನ ಪ್ರತಿ ಮಾತ್ರವಲ್ಲ, ನಡೆಯುತ್ತಿರುವ ಕೆಲಸವನ್ನು ಪರಿಶೀಲಿಸಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಕೂಡ ಆ ಕಾಯ್ದೆಯಲ್ಲಿ ಅವಕಾಶವಿದೆ. ಅದರ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಬರೆದುಕೊಡಲು ನಾವು ಶಿಕ್ಷಕರಿದ್ದೇವೆ.

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕನೇ ಮೂರು ಪಾಲು ಹೆತ್ತವರೇ ಇರಬೇಕು. ಶಾಲೆಗೆ ಬಂದ ಅನುದಾನದ ಬಳಕೆಯನ್ನು ನೋಡುವುದು ಆ ಸಮಿತಿಯ ಕೆಲಸ. ಅಲ್ಲಿ ನಿಮ್ಮ ಕುರ್ಚಿ ಖಾಲಿ ಇರದಿರಲಿ.

ಕೊನೆಯದಾಗಿ ಒಂದು ವಿನಂತಿ. ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ. ಯಾರೇ ಅವಸರಪಡಿಸಲಿ, "ನಾಳೆ ಶಾಲೆಯಲ್ಲಿ ಓದಿಸಿ ತರುತ್ತೇನೆ" ಎನ್ನಿ. ಆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಲು ನಾನು ಸಂಜೆ ಐದರವರೆಗೂ ಶಾಲೆಯಲ್ಲಿ ಇರುತ್ತೇನೆ.