ಕೃತಕ ಬುದ್ಧಿಮತ್ತೆಯ ಓದು: ಬೇರೆ ವಿಷಯದಿಂದ ಬರುವವರಿಗೆ



ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ಮಾನ್ವಿಗೆ ಹೋಗಿದ್ದೆವು. ಕೆಲಸ ಮುಗಿಸಿ ಕ್ಯಾಮೆರಾ ಕಟ್ಟಿಡುವ ಹೊತ್ತಿಗೆ ಒಬ್ಬ ತರುಣಿ ಬಂದು ಕೇಳಿದಳು: "ಸರ್, ನಾನು ಸಸ್ಯಶಾಸ್ತ್ರ ತಗೊಂಡು ಬಿ.ಎಸ್ಸಿ. ಮಾಡೀನ್ರಿ. ಮೂರು ವರ್ಷದಿಂದ ಗೊಬ್ಬರದ ಅಂಗಡ್ಯಾಗ ಲೆಕ್ಕ ಬರೀತೀನಿ. ಈಗ ಕೃತಕ ಬುದ್ಧಿಮತ್ತೆ ಓದಬೇಕಂತ ಆಸೆ ಐತಿ. ಆಗ್ತೈತೇನ್ರಿ?" ಅವಳ ಕೈಯಲ್ಲಿ ಆರು ತಿಂಗಳ ತರಬೇತಿಯೊಂದರ ಜಾಹೀರಾತು ಇತ್ತು. ಶುಲ್ಕ ಅವಳ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚು. ತಂದೆ ಸಾಲ ಮಾಡಲು ಸಿದ್ಧರಿದ್ದರಂತೆ. ಅಂದು ಅವಸರದಲ್ಲಿ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಇಂದು ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆಗುತ್ತದೆ. ಈ ಶಾಸ್ತ್ರವನ್ನು ಕಟ್ಟಿದವರಲ್ಲೇ ಅನೇಕರು ಬೇರೆ ಕಡೆಯಿಂದ ಬಂದವರು. ಆಂಧ್ರದ ಕಾಟೂರಿನಲ್ಲಿ ಹುಟ್ಟಿದ ರಾಜ್ ರೆಡ್ಡಿಯವರು 1958ರಲ್ಲಿ ಮದರಾಸಿನ ಗಿಂಡಿ ಕಾಲೇಜಿನಲ್ಲಿ ಪಡೆದದ್ದು ಸಿವಿಲ್ ಎಂಜಿನಿಯರಿಂಗ್ ಪದವಿ. ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಗಣಕ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಯಂತ್ರ ಮಾತನ್ನು ಗುರುತಿಸುವ ಬಗ್ಗೆ ದುಡಿದು, 1994ರ ಟ್ಯೂರಿಂಗ್ ಪ್ರಶಸ್ತಿಯನ್ನು ಹಂಚಿಕೊಂಡರು. 2024ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಜೆಫ್ರಿ ಹಿಂಟನ್ ಅವರ ಮೊದಲ ಪದವಿ ಮನೋವಿಜ್ಞಾನದ್ದು.

ಆದರೆ ಇವರು ಯಾರೂ ಗಣಿತವನ್ನು ಬಳಸಿಕೊಂಡು ಹೋಗಲಿಲ್ಲ. ಅದರ ನಡುವೆಯೇ ನಡೆದರು. ಯಾಕೆ ಬೇಕು ಗಣಿತ? ಹತ್ತಿಯ ಹೂವಿನ ಚಿತ್ರ ನೋಡಿ ಗುಲಾಬಿ ಕಾಯಿಕೊರಕ ಹುಳು ಬಿದ್ದಿದೆಯೇ ಎಂದು ಹೇಳುವ ಯಂತ್ರವನ್ನು ತೆಗೆದುಕೊಳ್ಳಿ. ಯಂತ್ರಕ್ಕೆ ಆ ಚಿತ್ರ ಸಂಖ್ಯೆಗಳ ಒಂದು ದೊಡ್ಡ ಪಟ್ಟಿ. ಅವನ್ನು ಬೇರೆ ಸಂಖ್ಯೆಗಳಿಂದ ಗುಣಿಸಿ, ಕೂಡಿಸಿ, ಒಂದು ಊಹೆ ಮಾಡುತ್ತದೆ. ಊಹೆ ತಪ್ಪಿದರೆ ಗುಣಿಸುವ ಸಂಖ್ಯೆಗಳನ್ನು ತುಸು ತಿದ್ದುತ್ತದೆ. ಯಾವ ಕಡೆಗೆ, ಎಷ್ಟು ತಿದ್ದಬೇಕು ಎಂಬುದನ್ನು ತಿಳಿಸುವುದು ಕಲನಶಾಸ್ತ್ರ. ಗುಣಿಸಿ ಕೂಡಿಸುವುದು ನಮ್ಮ ಪಿ.ಯು.ಸಿ.ಯ ಮ್ಯಾಟ್ರಿಕ್ಸ್.

ಈಗ ಒಂದು ಲೆಕ್ಕ. ನೂರು ಹೂಗಳಲ್ಲಿ ಮೂರಕ್ಕೆ ಮಾತ್ರ ಹುಳು ಬಿದ್ದಿದೆ ಎನ್ನಿ. ಯಂತ್ರವೊಂದು ಏನನ್ನೂ ನೋಡದೆ "ಎಲ್ಲವೂ ಚೆನ್ನಾಗಿವೆ" ಎಂದರೂ ಅದು ಶೇಕಡ 97ರಷ್ಟು ಸರಿ! ಮಾರಾಟದವರು ಆ 97ನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಹೊಲ ಬಲ್ಲವರು ಕೇಳುವುದು ಆ ಮೂರು ಹೂಗಳನ್ನು. ಹುಳು ತಿಂದ ಕಾಯಿ ಹಿಡಿದು ಅಂಗಡಿಗೆ ಬರುವ ರೈತರನ್ನು ಮೂರು ವರ್ಷ ಕಂಡ ನಮ್ಮ ಮಾನ್ವಿಯ ಹುಡುಗಿಗೆ ಈ ಪ್ರಶ್ನೆ ತಾನಾಗಿ ಹೊಳೆಯುತ್ತದೆ. ಉತ್ತರಿಸಲು ಮಾತ್ರ ಸಂಭಾವ್ಯತೆಯ ಪಾಠ ಬೇಕು.

ಕಲಾ ವಿಭಾಗದವರಿಗೂ ಇಲ್ಲಿ ಕೆಲಸವಿದೆ. ದೇವದುರ್ಗದ ಬಸ್ ನಿಲ್ದಾಣದಲ್ಲಿ "ಎಲ್ಲಿಗಿ ಹೊಂಟೀರಿ" ಎನ್ನುವುದನ್ನು ಪಠ್ಯಪುಸ್ತಕದ ಕನ್ನಡವನ್ನಷ್ಟೇ ಕೇಳಿದ ಯಂತ್ರ ಹೇಗೆ ತಿಳಿದೀತು? ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಜೊತೆ ಸೇರಿ ಕೈಗೊಂಡ 'ವಾಣಿ' ಯೋಜನೆಯಲ್ಲಿ ಜನರಿಗೆ ಚಿತ್ರ ತೋರಿಸಿ, ಅವರು ಆಡಿದ ಮಾತನ್ನು ಹಲವು ಜಿಲ್ಲೆಗಳಲ್ಲಿ ಧ್ವನಿಮುದ್ರಿಸಿದ್ದಾರೆ. ರಾಯಚೂರು ಜಿಲ್ಲೆಯೂ ಅದರಲ್ಲಿದೆ. ಅಂಥ ಮಾತನ್ನು ಬರಹಕ್ಕೆ ಇಳಿಸುವಾಗ ಆಡಿದಂತೆಯೇ ಬರೆಯಬೇಕೋ, ತಿದ್ದಿ ಬರೆಯಬೇಕೋ? ಇದು ಕನ್ನಡ ಎಂ.ಎ. ಓದಿದವರು ನಿರ್ಧರಿಸಬೇಕಾದ ವಿಷಯ.

ಇನ್ನು ದಾರಿಗಳು. ರಾಯಚೂರಿನ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ 2019ರಲ್ಲಿ ಆರಂಭವಾಯಿತು. ಕೃತಕ ಬುದ್ಧಿಮತ್ತೆ ಮತ್ತು ದತ್ತಾಂಶ ವಿಜ್ಞಾನ ಅಲ್ಲಿನ ಬಿ.ಟೆಕ್. ವಿಷಯಗಳಲ್ಲೊಂದು. ಆದರೆ ಬೇರೆ ಪದವಿ ಮುಗಿಸಿದವರಿಗೆ ಹತ್ತಿರದ ಬಾಗಿಲು ಎರಡು ವರ್ಷದ ಎಂ.ಸಿ.ಎ. ಪಿ.ಯು.ಸಿ.ಯಲ್ಲೋ ಪದವಿಯಲ್ಲೋ ಗಣಿತ ಓದಿದ್ದರೆ ಈ ದಾರಿ ಸುಗಮ. ನಮ್ಮ ರಾಜ್ಯದಲ್ಲಿ ಇದಕ್ಕೆ ಪಿ.ಜಿ.ಸಿ.ಇ.ಟಿ. ಪರೀಕ್ಷೆ ಇದೆ. ಗೇಟ್ ಪರೀಕ್ಷೆಯಲ್ಲಿ 2024ರಿಂದ ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಗೇ ಪ್ರತ್ಯೇಕ ಪತ್ರಿಕೆ ಬಂದಿದೆ. ಇಲ್ಲೊಂದು ತೊಡಕಿದೆ, ಗಮನಿಸಿ. ಗೇಟ್ ಬರೆಯಲು ಬಿ.ಎ., ಬಿ.ಎಸ್ಸಿ. ಪದವಿಯೂ ಸಾಕು, ಎಂ.ಟೆಕ್. ಪ್ರವೇಶಕ್ಕೆ ಬಹುತೇಕ ಸಂಸ್ಥೆಗಳು ಬಿ.ಇ., ಎಂ.ಸಿ.ಎ. ಅಥವಾ ತಕ್ಕ ಎಂ.ಎಸ್ಸಿ. ಕೇಳುತ್ತವೆ. ಅಂಕ ಬಂದ ಮೇಲೆ ಇದು ತಿಳಿದು ಅತ್ತವರನ್ನು ಕಂಡಿದ್ದೇನೆ.

ನಾನೂ ವಿಜ್ಞಾನ ಪದವೀಧರನೇ. ಇಪ್ಪತ್ತು ವರ್ಷಗಳ ಬಳಿಕ ಮ್ಯಾಟ್ರಿಕ್ಸ್ ಪಾಠ ತೆರೆದರೆ ಗುಣಿಸುವ ಕ್ರಮವೇ ಮರೆತಿತ್ತು. ಹತ್ತು ದಿನ ನಾಚಿಕೆಯಾಯಿತು. ಹನ್ನೊಂದನೆಯ ದಿನ ಲೆಕ್ಕ ಬಂತು. ಅದಕ್ಕೂ ಮೊದಲು ಇಂಥದೇ ಒಂದು ತರಬೇತಿಗೆ ಹಣ ಕಟ್ಟಿದ್ದೆ. ಪ್ರಮಾಣಪತ್ರ ಬಂದಿತು, ವಿದ್ಯೆ ಬರಲಿಲ್ಲ.

ಆದ್ದರಿಂದ ತಂಗಿ, ಆ ಜಾಹೀರಾತನ್ನು ಸದ್ಯ ಮಡಚಿಡು. ದ್ವಿತೀಯ ಪಿ.ಯು.ಸಿ.ಯ ಗಣಿತ ಪುಸ್ತಕ ಹೊರತೆಗೆ. ಅಂಗಡಿಯ ಕೆಲಸ ಬಿಡದೆ ದಿನಕ್ಕೆ ಒಂದೂವರೆ ಗಂಟೆಯಂತೆ ಒಂದು ವರ್ಷ ಓದು. ಜೊತೆಗೆ ಪೈಥಾನ್ ಭಾಷೆಯನ್ನು ಕಲಿ. ಐ.ಐ.ಟಿ. ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರ ಎನ್.ಪಿ.ಟಿ.ಇ.ಎಲ್. ಪಾಠಗಳನ್ನು ನೋಡಲು ಹಣ ಕೊಡಬೇಕಿಲ್ಲ. ಪ್ರಮಾಣಪತ್ರದ ಪರೀಕ್ಷೆಗಷ್ಟೇ ಶುಲ್ಕ. ವರ್ಷದ ಕೊನೆಗೆ ಗೇಟ್‌ನ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸು. ಸಾಲದ ವಿಚಾರವನ್ನು ಅಪ್ಪನ ಬಳಿ ಆಮೇಲೆ ಮಾತಾಡಬಹುದು.