ಶಂಖದ ಹುಳು ಮತ್ತು ಲಕ್ಷ ರೂಪಾಯಿ

ಇವತ್ತು ರಾಜಕೀಯ ಬೇಡ. ಒಂದು ಹುಳುವಿನ ಬಗ್ಗೆ ಮಾತಾಡೋಣ. ನಗಬೇಡಿ. ಈ ಹುಳುವಿನ ಹಿಂದೆ ಒಂದು ಮನೆಯ ಒಂದೂವರೆ ಲಕ್ಷ ರೂಪಾಯಿ ಇದೆ.

ಮೊನ್ನೆ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಇದ್ದೆ. ಔರಾದ್ ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಡಿಪ್ಲೊಮಾ ಮುಗಿಸಿದ್ದಾನೆ, ಕೆಲಸ ಇಲ್ಲ. "ಸರ್, ಶಂಖದ ಹುಳು ಸಾಕಿದ್ರ ತಿಂಗಳಿಗಿ ಲಕ್ಷ ರೂಪಾಯಿ ಬರ್ತದಂತ್ರಿ. ವಿಡಿಯೋದಾಗ ತೋರ್ಸ್ಯಾರ. ಮರಿ ಅವರೇ ಕೊಡ್ತಾರ, ವಾಪಸ್ ಅವರೇ ತಗೋತಾರ. ಒಂದೂವರೆ ಲಕ್ಷ ಕಟ್ಬೇಕ್ರಿ. ಅವ್ವ ಸಂಘದಾಗ ಸಾಲ ಎತ್ತತೀನಿ ಅಂದಾಳ. ಕಟ್ಲೇನ್ರಿ?"

ನಾನು ಕೇಳಿದೆ, "ನಿಮ್ಮ ಅಪ್ಪ ಏನಂತಾರೆ?"

"ಅಪ್ಪ ಈಗ ಹೊಲದಾಗ ಇದ್ದಾನ್ರಿ. ಬ್ಯಾಟರಿ ಹಿಡ್ಕೊಂಡು ಅದೇ ಹುಳು ಆರಿಸಿ ಬಕೆಟಿಗಿ ಹಾಕ್ಲತ್ಯಾನ. ಸೋಯಾ ಎಲ್ಲಾ ತಿಂದಾವ್ರಿ."

ಕೇಳಿದ್ರಲ್ಲ? ಅಪ್ಪ ರಾತ್ರಿ ಹನ್ನೊಂದು ಗಂಟೆಗೆ ಯಾವ ಹುಳುವನ್ನು ಉಪ್ಪು ನೀರಿಗೆ ಹಾಕಿ ಸಾಯಿಸ್ತಾ ಇದ್ದಾನೋ, ಅದೇ ಹುಳುವನ್ನು ದುಡ್ಡು ಕೊಟ್ಟು ತಂದು ಸಾಕೋಕೆ ಮಗ ಸಾಲ ಮಾಡ್ತಾ ಇದ್ದಾನೆ. ಹುಡುಗ ದಡ್ಡ ಅಲ್ಲ. ಬಡತನ ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದೆ.

ಮೊದಲು ಸತ್ಯ ಹೇಳಿಬಿಡ್ತೀನಿ. ಬಸವನಹುಳು ಸಾಕಾಣಿಕೆ ಸುಳ್ಳಲ್ಲ. ಘಾನಾ, ನೈಜೀರಿಯಾದಲ್ಲಿ ಬಡ ಕುಟುಂಬಗಳು ಸಾಕುತ್ತವೆ, ಸಂಪಾದನೆಯೂ ಇದೆ. ಯಾಕೆ? ಅಲ್ಲಿ ಅದು ಊರಿನ ಅಡುಗೆ. ಫ್ರಾನ್ಸ್‌ನಲ್ಲಿ ಹಬ್ಬದೂಟ. ನಮ್ಮ ದೇಶದಲ್ಲೂ ಮಣಿಪುರ, ನಾಗಾಲ್ಯಾಂಡ್, ಬಿಹಾರದ ಕಡೆ ನೀರಿನ ಬಸವನಹುಳು ತಿನ್ನುವ ಜನ ಇದ್ದಾರೆ. ತಿನ್ನುವವರ ಬಗ್ಗೆ ಮೂಗು ಮುರಿಯೋ ಹಕ್ಕು ಯಾರಿಗೂ ಇಲ್ಲ. ನನ್ನ ಪ್ರಶ್ನೆ ಒಂದೇ. ಔರಾದ್ ಸಂತೆಯಲ್ಲಿ, ಭಾಲ್ಕಿ ಸಂತೆಯಲ್ಲಿ, ಬೀದರ್‌ನ ಮಾರ್ಕೆಟ್‌ನಲ್ಲಿ ಇದನ್ನು ಕೊಳ್ಳೋರು ಯಾರು? ಒಬ್ಬರ ಹೆಸರು ಹೇಳಿ.

ನಾನು ಇಂಜಿನಿಯರಿಂಗ್ ಓದಿದವನು. ಎಕ್ಸೆಲ್ ಶೀಟ್‌ನಲ್ಲಿ ನಷ್ಟ ಆಗುವ ಬಿಸಿನೆಸ್ಸನ್ನು ನಾನು ಇನ್ನೂ ನೋಡಿಲ್ಲ. ಇಷ್ಟು ಮರಿ, ಇಷ್ಟು ಮೊಟ್ಟೆ, ಕೆಜಿಗೆ ಇಷ್ಟು ರೇಟು, ಎಂಟರ್ ಒತ್ತಿದರೆ ಲಕ್ಷ! ಆ ಶೀಟ್‌ನಲ್ಲಿ ಇರದ ಕಾಲಂ ಒಂದೇ, ಕೊಳ್ಳುವವನದ್ದು. ಕೊಳ್ಳುವವನೂ, ಮರಿ ಮಾರುವವನೂ ಒಬ್ಬನೇ ಆದರೆ ಎಚ್ಚರ. ಎಮು ಹಕ್ಕಿ ನೆನಪಿದೆಯಾ? ಮರಿ ನಾವೇ ಕೊಡ್ತೀವಿ, ಸಾಕಿ, ತಿಂಗಳು ತಿಂಗಳು ದುಡ್ಡು ಕೊಡ್ತೀವಿ ಅಂದ್ರು. 2012ರಲ್ಲಿ ತಮಿಳುನಾಡಿನ ಪೆರುಂದುರೈನ ಸುಸಿ ಎಮು ಫಾರ್ಮ್ಸ್ ಮುಳುಗಿತು. ಹೂಡಿದವರು ಪೊಲೀಸ್ ಸ್ಟೇಷನ್ ಮುಂದೆ, ಹಕ್ಕಿಗಳು ಮೇವಿಲ್ಲದೆ ದೊಡ್ಡಿಯಲ್ಲಿ. ಅವತ್ತು ಎರಡು ಕಾಲಿನ ಹಕ್ಕಿ. ಇವತ್ತು ಕಾಲೇ ಇಲ್ಲದ ಹುಳು. ಸ್ಕೀಮ್ ಅದೇ.

ಇನ್ನೊಂದು ಅಪಾಯ ಇದೆ. ಎಮು ತಪ್ಪಿಸಿಕೊಂಡರೆ ಪಕ್ಕದ ಹೊಲ ಹಾಳಾಗ್ತಿರಲಿಲ್ಲ. ಇದು ಹಾಗಲ್ಲ. ಬಸವನಹುಳುಗಳಲ್ಲೇ ಕುಖ್ಯಾತವಾದದ್ದು ಆಫ್ರಿಕಾದ ದೈತ್ಯ ಬಸವನಹುಳು. ಪ್ರಪಂಚದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ನಮ್ಮ ದೇಶಕ್ಕೆ ಬಂದದ್ದು ಹೇಗೆ ಗೊತ್ತಾ? 1847ರಲ್ಲಿ ಬೆನ್ಸನ್ ಎಂಬ ಹವ್ಯಾಸಿ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ತೋಟದಲ್ಲಿ ಬಿಟ್ಟ. ಒಬ್ಬನ ಶೋಕಿ. ಇವತ್ತು ಕೊಡಗಿನ ಕಾಫಿ ಬೆಳೆಗಾರರೂ ಅನುಭವಿಸ್ತಾ ಇದ್ದಾರೆ.

ಒಂದು ಲೆಕ್ಕ ಹಾಕಿ. ಇದರಲ್ಲಿ ಗಂಡು, ಹೆಣ್ಣು ಬೇರೆ ಬೇರೆ ಇಲ್ಲ. ದೊಡ್ಡದಾದ ಪ್ರತಿಯೊಂದೂ ಮೊಟ್ಟೆ ಇಡಬಲ್ಲದು, ಒಂದು ಸಲಕ್ಕೆ 200ರಷ್ಟು. ನೂರಕ್ಕೆ ಹತ್ತು ಮಾತ್ರ ಉಳಿದವು ಅಂತಿಟ್ಟುಕೊಳ್ಳಿ. ಒಂದು ಹುಳುವಿನಿಂದ 20. ಅವು ಮೊಟ್ಟೆಯಿಟ್ಟರೆ 400. ಆ 400 ಮೊಟ್ಟೆಯಿಟ್ಟರೆ 8,000. ಬೀದರ್ ಬಿಸಿಲಿಗೆ ಸಾಯ್ತವೆ ಅಂದ್ಕೋಬೇಡಿ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿಗೆ ಪೊರೆ ಹಾಕ್ಕೊಂಡು ಮಣ್ಣೊಳಗೆ, ಕಲ್ಲಿನ ಸಂದಿಯಲ್ಲಿ ತಿಂಗಳುಗಟ್ಟಲೆ ಮಲಗ್ತವೆ. ಮೊದಲ ಮಳೆ ಬಿದ್ದ ಕೂಡಲೇ ಎದ್ದು ಬರ್ತವೆ. ರೈತ ಸೋಯಾ ಬಿತ್ತೋದೂ ಅದೇ ಮಳೆಗೇ! ಮೊಳಕೆ ಎರಡು ಎಲೆ ಬಿಟ್ಟಿರುತ್ತೆ, ರಾತ್ರಿ ಕಳೆದು ಬೆಳಗಾದರೆ ಸಾಲಿಗೆ ಸಾಲೇ ಮಾಯ. ಮತ್ತೆ ಬೀಜ, ಮತ್ತೆ ಗೊಬ್ಬರ, ಮತ್ತೆ ಸಾಲ.

2022ರಲ್ಲಿ ನಮ್ಮ ಗಡಿಯಾಚೆ ಲಾತೂರ್, ಬೀಡ್, ಆಗಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಇದೇ ಆಯ್ತು. ಮಹಾರಾಷ್ಟ್ರ ಸರ್ಕಾರ ಬಸವನಹುಳುವಿನಿಂದ ಆದ ಸೋಯಾ ನಷ್ಟಕ್ಕೇ ಪರಿಹಾರ ಘೋಷಿಸಿತು. ಹುಳುವಿಗೆ ರಾಜ್ಯದ ಗಡಿ ಗೊತ್ತಾ? ಔರಾದ್, ಭಾಲ್ಕಿಯ ಹೊಲ ಮೇಯುವ ಹುಳುವೂ ಅದೇ ಕೆಲಸ ಮಾಡುತ್ತೆ.

ರಾಜ್ಯ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬರ, ಪ್ರವಾಹದ ಜೊತೆಗೆ ಕೀಟ ದಾಳಿಯೂ ಇದೆ. ಶೇಕಡ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹೋದರೆ, 2022ರಿಂದ 2026ರ ಮಾರ್ಗಸೂಚಿ ಪ್ರಕಾರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಎಕರೆಗೆ ಲೆಕ್ಕ ಹಾಕಿದರೆ 3,400 ಚಿಲ್ಲರೆ. ದೊಡ್ಡ ಮೊತ್ತ ಏನಲ್ಲ, ಆದರೆ ಎರಡನೇ ಬಿತ್ತನೆಗೆ ಆಸರೆ. ಶಾಸ್ತ್ರದ ಪ್ರಕಾರ ಬಸವನಹುಳು ಕೀಟ ಅಲ್ಲ, ಮೃದ್ವಂಗಿ ಅಂತ ಯಾರಾದರೂ ಪಾಠ ಹೇಳಬಹುದು. ಸ್ವಾಮಿ, ಹೊಲ ತಿಂದ ಮೇಲೆ ಅದಕ್ಕೆ ಎಷ್ಟು ಕಾಲು ಅಂತ ಎಣಿಸ್ತಾ ಕೂರಬೇಡಿ.

ಹಾಗಾದ್ರೆ ಈ ಹುಳುವಿನಿಂದ ಬಡವರಿಗೆ ಕೆಲಸವೇ ಇಲ್ವಾ? ಇದೆ. ಸಾಕೋದ್ರಲ್ಲಿ ಅಲ್ಲ, ಆರಿಸೋದ್ರಲ್ಲಿ.

ಇದಕ್ಕೆ ಅತಿ ಸುರಕ್ಷಿತ ಮದ್ದು ಕೈಯಿಂದ ಆರಿಸುವುದು. ಸಂಜೆ ಬದುವಿನ ಮೇಲೆ ಒದ್ದೆ ಗೋಣಿಚೀಲ ಹಾಸಿ, ಪಪಾಯಿ ಎಲೆ, ಎಲೆಕೋಸಿನ ಎಲೆ ಇಡಿ. ರಾತ್ರಿ, ನಸುಕಿನಲ್ಲಿ ಹುಳು ಅಲ್ಲಿ ಗುಂಪು ಕಟ್ಟುತ್ತೆ. ಬರಿಗೈಯಲ್ಲಿ ಮುಟ್ಟಬೇಡಿ. ಮಿದುಳಿನ ಜ್ವರ ತರುವ ಒಂದು ಪರೋಪಜೀವಿ ಇದರಲ್ಲಿರಬಹುದು. ಗ್ಲೌಸ್ ಹಾಕಿ, ಆಮೇಲೆ ಸೋಪು ಹಚ್ಚಿ ಕೈ ತೊಳೀರಿ. ಆರಿಸಿದ್ದನ್ನು ಬಕೆಟ್‌ನ ಉಪ್ಪು ನೀರಿಗೆ ಹಾಕಿ, ಸತ್ತ ಮೇಲೆ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ಹೊಲಕ್ಕೇ ಉಪ್ಪು ಎರಚಬೇಡಿ, ಮಣ್ಣು ಕೆಡುತ್ತೆ. ಮೆಟಾಲ್ಡಿಹೈಡ್ ಗುಳಿಗೆ ಹಾಕೋರು ರೈತ ಸಂಪರ್ಕ ಕೇಂದ್ರದಲ್ಲೋ, ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಅಳತೆ ಕೇಳಿ ಹಾಕಿ. ಮಕ್ಕಳು, ನಾಯಿ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಒಬ್ಬನೇ ಆರಿಸಿದರೆ ಪ್ರಯೋಜನ ಇಲ್ಲ. ಪಕ್ಕದ ಹೊಲದಿಂದ ಮತ್ತೆ ಬರ್ತವೆ. ಇಡೀ ಊರು ಒಂದೇ ಸಂಜೆ ಇಳಿಯಬೇಕು. ಅಲ್ಲಿದೆ ಕೂಲಿ! ಸ್ವಸಹಾಯ ಸಂಘಗಳಿಗೆ ಸಾಲ ಕೊಡೋದ್ರಲ್ಲಿ ದೇಶಕ್ಕೇ ಮಾದರಿ ಆಗಿದ್ದ ಜಿಲ್ಲೆ ಬೀದರ್. ಅದೇ ಸಂಘಗಳ ಹೆಣ್ಣುಮಕ್ಕಳಿಗೆ ಮೊದಲ ಮಳೆಯಿಂದ ಮೂರು ವಾರ, ಪಂಚಾಯಿತಿ ದಿನಗೂಲಿ ಕೊಟ್ಟು ಹುಳು ಆರಿಸಲಿ. ಕೆಜಿ ಲೆಕ್ಕದಲ್ಲಿ ಕೊಡಬೇಡಿ. ಕೆಜಿಗೆ ದುಡ್ಡು ಅಂದ್ರೆ ಹಿತ್ತಲಲ್ಲಿ ಸಾಕೋಕೆ ಶುರು ಮಾಡ್ತಾರೆ! ಇದು ನನ್ನ ಸಲಹೆ. ಇದಕ್ಕಿಂತ ಒಳ್ಳೇದು ಜಿಲ್ಲಾಡಳಿತದ ಹತ್ತಿರ ಇದ್ದರೆ ಹೇಳಲಿ, ಇದೇ ಸ್ಟುಡಿಯೋದಲ್ಲಿ ಕೂತು ಓದ್ತೀನಿ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ. ದುಡ್ಡು ಕಟ್ಟೋ ಮುಂಚೆ, ಅವರನ್ನು ಬಿಟ್ಟು ಬೇರೆ ಇಬ್ಬರು ಖರೀದಿದಾರರ ವಿಳಾಸ ಕೇಳು. ಮರುದಿನ ಮೆಸೇಜ್ ಬಂತು: "ಕೇಳ್ದೆ ಸರ್. ಫೋನ್ ಕಟ್ ಮಾಡಿದ್ರು."

ಒಂದೂವರೆ ಲಕ್ಷ ಉಳೀತು. ಆದರೆ ಹುಡುಗನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಅಪ್ಪ ಇವತ್ತು ರಾತ್ರಿಯೂ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗ್ತಾನೆ, ಒಬ್ಬನೇ. ಅವನ ಜೊತೆ ಊರು ಹೋಗಬೇಕು, ಊರಿನ ಜೊತೆ ಸರ್ಕಾರ ಹೋಗಬೇಕು.

ಯೋಚನೆ ಮಾಡಿ.